ಡೇರೆ ಕಟ್ಟಡವಲ್ಲ, ಸ್ವಾಮಿ

ಹಂಪಿಯ ಸುತ್ತಲಿನ ಅನಧಿಕೃತ ರೆಸಾರ್ಟುಗಳಿಗೆ ನೋಟಿಸ್ ಎಂಬ ಸುದ್ದಿಯನ್ನು ಓದುವಾಗ ದಿನಾಂಕ ನೋಡುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಯಾವ ವರ್ಷದ ಪತ್ರಿಕೆಯಲ್ಲಿ ಹಾಕಿದರೂ ಹೊಂದಿಕೊಳ್ಳುವ ಸುದ್ದಿ ಅದು. ಈ ಸಲ ನನ್ನನ್ನು ಕೆಣಕಿದ್ದು ನೋಟಿಸ್ ಅಲ್ಲ, ಅದೇ ಸುದ್ದಿಯ ಕೆಳಗೆ ಮೊಬೈಲಿನಲ್ಲಿ ತಾನಾಗಿ ಮೂಡಿಬಂದ ಜಾಹೀರಾತು. ವಿಜಯನಗರದ ಗತವೈಭವದ ಮಡಿಲಲ್ಲಿ, ನಕ್ಷತ್ರಗಳೇ ಚಾವಣಿಯಾಗಿರುವ ಹವಾನಿಯಂತ್ರಿತ ಐಷಾರಾಮಿ ಡೇರೆಯಲ್ಲಿ ಒಂದು ರಾತ್ರಿ ಕಳೆಯಲು ಅದು ನನ್ನನ್ನು ಆಹ್ವಾನಿಸುತ್ತಿತ್ತು. ನಕ್ಷತ್ರ ಕಾಣಬೇಕಾದರೆ ಡೇರೆಯಿಂದ ಹೊರಗೆ ಬರಬೇಕು, ಹೊರಗೆ ಬಂದರೆ ಹವಾನಿಯಂತ್ರಣ ತಪ್ಪುತ್ತದೆ. ಈ ಎರಡನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದವರ ಪ್ರತಿಭೆಯನ್ನು ಮೆಚ್ಚದೆ ಇರಲಾಗದು. ಮೇಲೆ ಗೊತ್ತಾದದ್ದು, ನೋಟಿಸಿನಲ್ಲಿ ಹೆಸರಿಸಲಾದ ಊರೂ ಜಾಹೀರಾತಿನಲ್ಲಿ ಹೊಗಳಲಾದ ಊರೂ ಒಂದೇ.

ಇಂಥ ಡೇರೆಯನ್ನು ಹತ್ತಿರದಿಂದ ನೋಡದವರಿಗಾಗಿ ಅದರ ರಚನೆಯನ್ನು ವಿವರಿಸುವುದು ನನ್ನ ಕರ್ತವ್ಯ. ಮೊದಲು ಭತ್ತದ ಗದ್ದೆಗೆ ಮೊರಂ ಸುರಿದು ಮಟ್ಟ ಮಾಡಲಾಗುತ್ತದೆ. ಅದರ ಮೇಲೆ ಕಾಂಕ್ರೀಟಿನ ಕಟ್ಟೆ, ಕಟ್ಟೆಯ ಮೇಲೆ ಟೈಲ್ಸ್, ಟೈಲ್ಸಿನ ಹಿಂಭಾಗಕ್ಕೆ ಇಟ್ಟಿಗೆ ಗೋಡೆಯ ಸ್ನಾನಗೃಹ, ಅದರಲ್ಲಿ ಗೀಸರ್ ಮತ್ತು ಪಾಶ್ಚಾತ್ಯ ಮಾದರಿಯ ಕಮೋಡ್, ಕಮೋಡಿನ ಆಚೆಗೆ ಎಲ್ಲಿಗೆ ಹೋಗುತ್ತದೆಂದು ಯಾರೂ ವಿಚಾರಿಸಬಾರದ ಒಂದು ಪೈಪು. ಇಷ್ಟೆಲ್ಲ ಮುಗಿದ ಮೇಲೆ ನಾಲ್ಕು ಕಬ್ಬಿಣದ ಕಂಬ ನೆಟ್ಟು ಮೇಲೊಂದು ಕ್ಯಾನ್ವಾಸ್ ಹೊದಿಸುತ್ತಾರೆ. ಆ ಕ್ಯಾನ್ವಾಸ್ ಬಿದ್ದ ಕ್ಷಣದಲ್ಲಿ ಕೆಳಗಿರುವ ಸಮಸ್ತವೂ ತಾತ್ಕಾಲಿಕವಾಗಿ ಬಿಡುತ್ತದೆ. ಅಧಿಕಾರಿಗಳು ಬಂದರೆ ಮಾಲೀಕರು ಬಟ್ಟೆಯ ಅಂಚನ್ನು ಎರಡು ಬೆರಳಿನಿಂದ ಎತ್ತಿ ತೋರಿಸಿ, 'ಇದು ಡೇರೆ, ಕಟ್ಟಡವಲ್ಲ, ಸ್ವಾಮಿ' ಎನ್ನುತ್ತಾರೆ. ಬಂದವರು ಬಟ್ಟೆಯನ್ನು ನೋಡುತ್ತಾರೆ, ಕಟ್ಟೆಯನ್ನು ನೋಡುವುದಿಲ್ಲ. ಅದ್ವೈತಿಗಳು ಶತಮಾನಗಳ ಕಾಲ ವಾದಿಸಿಯೂ ಜಗತ್ತಿಗೆ ಮನವರಿಕೆ ಮಾಡಿಕೊಡಲಾಗದ ಮಾಯಾವಾದವನ್ನು ತುಂಗಭದ್ರೆಯ ಎಡದಂಡೆಯ ಟೆಂಟಿನವರು ಒಂದು ಗಜ ಬಟ್ಟೆಯಲ್ಲಿ ಸಾಧಿಸಿ ತೋರಿಸಿದ್ದಾರೆ.

ಕಾನೂನು ಇಲ್ಲವೆಂದು ಯಾರೂ ಭಾವಿಸಬಾರದು. ಕಾನೂನಿನ ವಿಷಯದಲ್ಲಿ ಹಂಪಿಯಷ್ಟು ಶ್ರೀಮಂತವಾದ ಊರು ಇನ್ನೊಂದಿಲ್ಲ. ಕೇಂದ್ರದ ಸ್ಮಾರಕ ಸಂರಕ್ಷಣಾ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯದ್ದು 1961ರ ಇನ್ನೊಂದು ಕಾಯ್ದೆ. ಇವೆರಡೂ ಸಾಲದೆ ಹಂಪಿಗೆಂದೇ 2002ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ, ಇಪ್ಪತ್ತೊಂಬತ್ತು ಹಳ್ಳಿಗಳ ಸುಮಾರು 236 ಚದರ ಕಿಲೋಮೀಟರ್ ಪ್ರದೇಶಕ್ಕೆ ವಿಶ್ವ ಪರಂಪರೆ ನಿರ್ವಹಣಾ ಪ್ರಾಧಿಕಾರವೊಂದನ್ನು ಸ್ಥಾಪಿಸಲಾಯಿತು. 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿ ನಮ್ಮ ಮಾನ ಕಳೆದಿತ್ತು, ಪಟ್ಟಿಯಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ಪ್ರಾಧಿಕಾರ ಹುಟ್ಟಿದ್ದು ಆ ಅವಮಾನದ ನಡುವೆ. ಆ ದಿನದಿಂದ ಈ ಹಳ್ಳಿಗಳ ರೈತ ತನ್ನ ಮನೆಯ ಮೇಲೊಂದು ಕೋಣೆ ಕಟ್ಟಬೇಕಾದರೆ ನಕ್ಷೆ, ಪಹಣಿ, ನಿರಾಕ್ಷೇಪಣಾ ಪತ್ರ ಎಂದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅವನದು ಪಾಪ, ಇಟ್ಟಿಗೆಯ ಕೋಣೆ. ಮೇಲೆ ಬಟ್ಟೆ ಹೊದಿಸಬೇಕೆಂಬ ಸಲಹೆಯನ್ನು ಅವನಿಗೆ ಯಾರೂ ಕೊಟ್ಟಿಲ್ಲ.

ಬಟ್ಟೆಯ ಮಹಿಮೆ ತಿಳಿಯದೆ ಕೆಟ್ಟವರಲ್ಲಿ ಹಂಪಿ ಬಜಾರಿನವರೇ ಮೊದಲಿಗರು. ವಿರೂಪಾಕ್ಷನ ಎದುರಿನ ಸಾಲುಮಂಟಪಗಳಲ್ಲಿ ತಲೆಮಾರಿನಿಂದ ವಾಸವಾಗಿದ್ದು, ಬಂದವರಿಗೆ ಚಹಾ ಕೊಟ್ಟು, ಕೋಣೆ ಬಾಡಿಗೆಗೆ ಕೊಟ್ಟು ಬದುಕುತ್ತಿದ್ದವರನ್ನು 2011ರ ಜುಲೈ ತಿಂಗಳಲ್ಲಿ ಜೆಸಿಬಿ ತಂದು ಎಬ್ಬಿಸಲಾಯಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಒತ್ತುವರಿದಾರರೆನಿಸಿಕೊಂಡು, ಕಡ್ಡಿರಾಂಪುರದ ನಿವೇಶನಗಳಿಗಾಗಿ ಕಾದು ಕುಳಿತವು. ಕಲ್ಲಿನ ಕಂಬಗಳ ನಡುವೆ ಸಿಮೆಂಟಿನ ಗೋಡೆ ಎಬ್ಬಿಸಿದ್ದು ತಪ್ಪೇ, ಅದನ್ನು ಯಾರೂ ಸಮರ್ಥಿಸುವುದಿಲ್ಲ. ಆದರೆ ಶ್ರೀಕೃಷ್ಣದೇವರಾಯನ ಕಾಲದಲ್ಲಿಯೂ ಅದು ಬಜಾರೇ ಆಗಿತ್ತು ಎಂಬ ಸಣ್ಣ ವಿಷಯ, ಪರಂಪರೆಯನ್ನು ಉಳಿಸುವ ಆತುರದಲ್ಲಿ, ಯಾರ ಕಡತದಲ್ಲಿಯೂ ಬರಲಿಲ್ಲ.

ಕೃಷ್ಣದೇವರಾಯನ ಹೆಸರು ಬಂದದ್ದರಿಂದ ಸ್ವಲ್ಪ ಅತ್ತ ಹೋಗಿ ಬರುವುದು ಅನಿವಾರ್ಯ. ಡೇರೆಯ ಪಕ್ಷಪಾತಿಗಳು ಇತಿಹಾಸವನ್ನು ಓದಿದ್ದರೆ ತಮ್ಮ ಪರವಾಗಿ ಎಂಥ ಸಾಕ್ಷಿಯಿದೆ ಎಂಬುದು ಅವರಿಗೆ ತಿಳಿಯುತ್ತಿತ್ತು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿರುವಂತೆ, ಮಹಾನವಮಿಯ ಉತ್ಸವ ಮುಗಿದ ಮೇಲೆ ರಾಯರು ಸೈನ್ಯವನ್ನು ಪರಿವೀಕ್ಷಿಸುವುದಕ್ಕಾಗಿ ನಗರದಿಂದ ಒಂದು ಹರದಾರಿ ದೂರದಲ್ಲಿ ಮೆಕ್ಕಾದ ಮಖಮಲ್ಲಿನ ಡೇರೆಯನ್ನು ಹಾಕಿಸುತ್ತಿದ್ದರು. ಇದಕ್ಕಿಂತ ಐಷಾರಾಮಿಯಾದ ಡೇರೆಯನ್ನು ಇಂದಿನ ಯಾವ ಟೆಂಟಿನವನೂ ಕಂಡಿರಲಾರ. ಆದರೆ ಆ ಮಖಮಲ್ಲಿನ ಡೇರೆಯೊಳಗೆ ಇಳಿಸುತ್ತಿದ್ದುದು ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದ ದಂಪತಿಗಳನ್ನಲ್ಲ, ಉತ್ಸವದ ದೇವರನ್ನು. ಇನ್ನೊಬ್ಬ ಪೋರ್ಚುಗೀಸ್, ಫೆರ್ನಾವೊ ನೂನಿಜ್, 1520ರ ರಾಯಚೂರು ದಂಡಯಾತ್ರೆಯ ಬಿಡಾರವನ್ನು ವರ್ಣಿಸುತ್ತಾನೆ. ರಾಜನ ಡೇರೆಯ ಸುತ್ತ ಮುಳ್ಳಿನ ಬೇಲಿ, ಬೇಲಿಗೆ ಒಂದೇ ಬಾಗಿಲು, ಬಿಡಾರದೊಳಗೆ ಬೇಕಾದ್ದೆಲ್ಲ ಸಿಗುವ ಪೇಟೆಗಳು. ಲಕ್ಷಗಟ್ಟಲೆ ಕಾಲಾಳುಗಳಿದ್ದ ಸೈನ್ಯ ಎಂದು ಅವನು ಲೆಕ್ಕ ಕೊಡುತ್ತಾನೆ. ವಿದೇಶಿಯರ ಲೆಕ್ಕದಲ್ಲಿ ಉತ್ಪ್ರೇಕ್ಷೆ ಎಷ್ಟೆಂಬುದನ್ನು ವಿದ್ವಾಂಸರು ನೋಡಿಕೊಳ್ಳಲಿ. ನನಗೆ ಮುಖ್ಯವೆನಿಸುವುದು, ಅಷ್ಟು ದೊಡ್ಡ ಬಿಡಾರ ಎದ್ದು ಹೋದ ಮೇಲೆ ಅಲ್ಲಿ ಒಂದು ಕಾಂಕ್ರೀಟಿನ ಕಟ್ಟೆಯಾಗಲಿ, ಗದ್ದೆಗೆ ಬಾಯಿಬಿಟ್ಟ ಪೈಪಾಗಲಿ ಉಳಿಯಲಿಲ್ಲ ಎಂಬುದು. ಡೇರೆಯೆಂದರೆ ಕೀಳುವಂಥದ್ದು ಎಂಬ ಹಳೆಯ ತಿಳಿವಳಿಕೆ ರಾಯರಿಗಿತ್ತು.

ತುಂಗಭದ್ರೆಯ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಅದು ಸಂರಕ್ಷಿತ ಪ್ರದೇಶವೆಂಬ ಅಧಿಸೂಚನೆ ಹೊರಟದ್ದು 1988ರಲ್ಲಿ. ಆ ಕಾಗದ ಬೆಂಗಳೂರಿನಿಂದ ಹೊರಟು, ಹಂಪಿಗೆ ಬಂದು, ಹರಿಗೋಲು ಹತ್ತಿ ಹೊಳೆ ದಾಟುವ ಹೊತ್ತಿಗೆ 2020 ಆಗಿತ್ತು. ಈ ಮೂವತ್ತೆರಡು ವರ್ಷಗಳಲ್ಲಿ ಗಡ್ಡೆಯ ತುಂಬ ಗುಡಿಸಲು, ತೂಗುಮಂಚ, ಇಸ್ರೇಲಿ ಊಟದ ಹೋಟೆಲುಗಳು ಬೆಳೆದು, ಅದಕ್ಕೆ ಹಿಪ್ಪಿ ದ್ವೀಪವೆಂಬ ಹೆಸರೂ ಅಂತರರಾಷ್ಟ್ರೀಯ ಖ್ಯಾತಿಯೂ ಬಂದಿದ್ದವು. 2019ರ ಆಗಸ್ಟ್ ತಿಂಗಳಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ಅಲ್ಲಿ ಸಿಲುಕಿದ ನೂರಾರು ಪ್ರವಾಸಿಗರನ್ನು ರಕ್ಷಿಸಲು ದೋಣಿ, ಹೆಲಿಕಾಪ್ಟರ್ ಎಲ್ಲ ಬೇಕಾದವು. ಮರುವರ್ಷದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶವನ್ನು ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿ ಬಂತು, ಗಡ್ಡೆ ಬಯಲಾಯಿತು. ಕಾನೂನು ಗೆದ್ದಿತೆಂದು ನಾವು ಬರೆದೆವು. ಗಡ್ಡೆಯಿಂದ ಎದ್ದ ವ್ಯಾಪಾರ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಯ ಗದ್ದೆಗಳಲ್ಲಿ ಹೋಗಿ ಕುಳಿತದ್ದನ್ನು ಬರೆಯಲು ಸ್ವಲ್ಪ ತಡವಾಯಿತು, ಅಷ್ಟೇ. ಗಡ್ಡೆಯ ಪ್ರಕರಣದಿಂದ ಉದ್ಯಮ ಕಲಿತ ಪಾಠ ಒಂದೇ: ಗೋಡೆ ಕಟ್ಟಿದರೆ ಕೆಡವುತ್ತಾರೆ, ಆದ್ದರಿಂದ ಬಟ್ಟೆ ಕಟ್ಟು.

ಈಗ ಅಲ್ಲಿನ ಡೇರೆಯೊಂದರ ಅಸ್ತಿತ್ವವನ್ನು ಕುರಿತು ಸರ್ಕಾರಕ್ಕೆ ಇರುವ ಅಭಿಪ್ರಾಯಗಳನ್ನು ಗಮನಿಸಬೇಕು. ಬುಕ್ಕಿಂಗ್ ಆ್ಯಪಿನಲ್ಲಿ ಅದಕ್ಕೆ ನಾಲ್ಕೂವರೆ ತಾರೆಗಳ ಮೌಲ್ಯಾಂಕನವಿರುತ್ತದೆ. ವಿದ್ಯುತ್ ಕಂಪನಿಗೆ ಅದು ತಿಂಗಳು ತಿಂಗಳು ಬಿಲ್ಲು ಕಟ್ಟುವ ಗ್ರಾಹಕ. ತೆರಿಗೆಯವರಿಗೆ ಅದು ಸಂಖ್ಯೆ ಸಮೇತ ಪರಿಚಿತ. ಮೊಬೈಲ್ ನಕ್ಷೆ ಗದ್ದೆಯ ಬದುವಿನ ಮೇಲೆ ಅದರ ಬಾಗಿಲಿನವರೆಗೆ ದಾರಿ ತೋರಿಸುತ್ತದೆ. ಇಷ್ಟು ಜನರಿಗೆ ಕಾಣುವ ಡೇರೆ, ತಪಾಸಣೆಗೆ ಹೋದವರಿಗೆ ಮಾತ್ರ ಕಾಣುವುದಿಲ್ಲ. ಕಂಡರೂ ಅದು ಇತ್ತೀಚೆಗೆ ತಲೆಯೆತ್ತಿದ್ದಾಗಿರುತ್ತದೆ. ಒಂದು ಇಲಾಖೆ ಹಂಪಿಗೆ ಬನ್ನಿ ಎಂದು ದೇಶವಿದೇಶಗಳಲ್ಲಿ ಮೇಳ ನಡೆಸಿ ಕರೆಯುತ್ತದೆ, ಬಂದವರು ಉಳಿದುಕೊಂಡ ಜಾಗವನ್ನು ಇನ್ನೊಂದು ಇಲಾಖೆ ಅಕ್ರಮವೆಂದು ಸಾರುತ್ತದೆ. ಹೊಳೆಯ ಬಲದಂಡೆ ವಿಜಯನಗರ ಜಿಲ್ಲೆ, ಎಡದಂಡೆ ಕೊಪ್ಪಳ ಜಿಲ್ಲೆ. ಯಾವ ಪ್ರಶ್ನೆ ಕೇಳಿದರೂ ಉತ್ತರ ಆಚೆ ದಡದಲ್ಲಿರುತ್ತದೆ.

ಡೇರೆಗೆ ಬರುವವರ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಅವರು ನಿಸರ್ಗದ ಮೌನವನ್ನು ಹುಡುಕಿಕೊಂಡು ಬರುತ್ತಾರೆ, ಬರುವಾಗ ಬ್ಲೂಟೂತ್ ಸ್ಪೀಕರ್ ತರುತ್ತಾರೆ. ಅವರ ಮೊಬೈಲು ಚಾರ್ಜ್ ಆಗಲೆಂದು ಜನರೇಟರ್ ರಾತ್ರಿಯಿಡೀ ಗುಡುಗುತ್ತದೆ, ಬಂಡೆಗುಂಡುಗಳ ನಡುವೆ ಬೆಂಕಿ ಉರಿಯುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಈ ಹೊಳೆಯ ಮೂವತ್ನಾಲ್ಕು ಕಿಲೋಮೀಟರ್ ಭಾಗವನ್ನು ಸರ್ಕಾರವೇ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ನೀರುನಾಯಿಗಳು ಘೋಷಣೆಯನ್ನು ಓದಿಲ್ಲ, ಡಿಜೆ ಹಾಕುವವರೂ ಓದಿಲ್ಲ, ಇಬ್ಬರೂ ಸಮಾನರು. ಹೊಳೆಯ ಬಲಕ್ಕೆ ಸ್ವಲ್ಪ ಹೋದರೆ ದರೋಜಿಯ ಕರಡಿಧಾಮ, ಎಡಕ್ಕೆ ಆನೆಗೊಂದಿಯ ಗುಡ್ಡಗಳ ಚಿರತೆಗಳು. ಅವುಗಳದೂ ಒಂದು ರೀತಿಯ ತೆರೆದ ಬಯಲಿನ ವಾಸ್ತವ್ಯವೇ, ಆದರೆ ಬಾಡಿಗೆ ಇಲ್ಲ. ಇತಿಹಾಸದ ಮೇಲಿನ ನಮ್ಮ ಯುವಕರ ಪ್ರೀತಿಯಂತೂ ಹೇಳತೀರದ್ದು. 2019ರಲ್ಲಿ ಹಂಪಿಯ ಕಂಬವೊಂದನ್ನು ಉರುಳಿಸಿ ವಿಡಿಯೋ ಮಾಡಿಕೊಂಡ ನಾಲ್ವರಿಗೆ ಹೊಸಪೇಟೆಯ ನ್ಯಾಯಾಲಯ ತಲಾ ಎಪ್ಪತ್ತು ಸಾವಿರ ರೂಪಾಯಿ ದಂಡ ಹಾಕಿತು, ಕಂಬವನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಲಾಯಿತು. ನನಗೆ ನೆನಪಿರುವ ಮಟ್ಟಿಗೆ ಹಂಪಿಯ ಆಡಳಿತದಲ್ಲಿ ಕೂಡಲೇ ನಡೆದ, ಕಣ್ಣಿಗೆ ಕಾಣುವ ಸಂರಕ್ಷಣಾ ಕಾರ್ಯ ಅದೊಂದೇ.

ಇಲ್ಲಿಯವರೆಗೆ ನಗೆಯಾಡಿದ್ದೇನೆ. 2025ರ ಮಾರ್ಚ್ ತಿಂಗಳಲ್ಲಿ ಸಾಣಾಪುರದ ಬಳಿಯ ಕಾಲುವೆಯ ದಂಡೆಯಲ್ಲಿ, ರಾತ್ರಿ ನಕ್ಷತ್ರ ನೋಡುತ್ತ ಕುಳಿತಿದ್ದವರ ಮೇಲೆ ನಡೆದದ್ದನ್ನು ನಗೆಯಲ್ಲಿ ಹೇಳಲು ಬರುವುದಿಲ್ಲ. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು, ಕಾಲುವೆಗೆ ತಳ್ಳಲ್ಪಟ್ಟವರಲ್ಲಿ ಒಬ್ಬ ಯುವಕನ ಹೆಣ ಸಿಕ್ಕಿತು. ಅಪರಾಧ ಮಾಡಿದವರು ಅಪರಾಧಿಗಳು, ಡೇರೆಗಳಲ್ಲ, ಹೋಂಸ್ಟೇಗಳಲ್ಲ, ಅದು ಸ್ಪಷ್ಟವಿರಲಿ. ಆದರೆ ಸಾವಿರಾರು ಜನ ಬಂದು ತಂಗುವ ಜಾಗದಲ್ಲಿ ದೀಪ ಎಲ್ಲಿರಬೇಕು, ಗಸ್ತು ಯಾರದು, ಯಾವ ಮನೆಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ, ಏಕೆಂದರೆ ಕಾಗದದ ಮೇಲೆ ಅಲ್ಲಿ ಯಾರೂ ತಂಗುತ್ತಲೇ ಇರಲಿಲ್ಲ. ಇಲ್ಲವೆಂದು ನಟಿಸಿದ ಊರಿಗೆ ಪೊಲೀಸ್ ಠಾಣೆ ಕೊಡಲಾಗುವುದಿಲ್ಲ, ಬೀದಿದೀಪ ಹಾಕಲಾಗುವುದಿಲ್ಲ. ಘಟನೆಯಾದ ಮೇಲೆ ಮಂತ್ರಿಗಳು ಬಂದರು, ಅನಧಿಕೃತ ವಸತಿಗಳ ಮೇಲೆ ಕ್ರಮದ ಮಾತು ಕೇಳಿಬಂತು, ರಾತ್ರಿ ಹೊರಗೆ ತಿರುಗಬೇಡಿ ಎಂಬ ಬುದ್ಧಿವಾದ ಕೇಳಿಬಂತು. ಇದೆಲ್ಲ ಹಿಂದಿನ ದಿನದವರೆಗೆ ಎಲ್ಲಿತ್ತು ಎಂದು ಕೇಳಿ ಕೇಳಿ ಸಾಕಾಗಿದೆ.

ಕ್ರಮವೆಂದು ಹೊರಟಾಗ ಮೊದಲು ಸಿಗುವವರು ಯಾರು ಎಂಬುದನ್ನೂ ನೋಡಬೇಕು. ಮನೆಯ ಹಿಂದಿನ ಎರಡು ಕೋಣೆಯನ್ನು ಸುಣ್ಣ ಬಳಿದು ಬಾಡಿಗೆಗೆ ಕೊಟ್ಟು, ಬಂದವರಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸುವ ಹೆಂಗಸು ಮೊದಲು ಸಿಗುತ್ತಾಳೆ, ಅವಳ ಮನೆಗೆ ಬೀಗ ಹಾಕುವುದು ಸುಲಭ. ಗದ್ದೆಯನ್ನು ಲೀಸಿಗೆ ಕೊಟ್ಟ ರೈತ ಎರಡನೆಯವನು. ಗಂಗಾವತಿಯ ಭತ್ತಕ್ಕೆ ನಾಡೆಲ್ಲ ಹೆಸರಿದ್ದರೂ ಕಾಲುವೆಯಲ್ಲಿ ನೀರು ಎರಡನೆಯ ಬೆಳೆಗೆ ಬರುತ್ತದೋ ಇಲ್ಲವೋ ಎಂದು ಪ್ರತಿ ವರ್ಷ ಆಕಾಶ ನೋಡುವವನಿಗೆ, ಎಕರೆಗೆ ವರ್ಷಕ್ಕಿಷ್ಟು ಎಂದು ಮುಂಗಡ ಎಣಿಸಿ ಕೊಡುವವನು ಬಂದಾಗ ಪರಂಪರೆಯ ಉಪನ್ಯಾಸ ನೆನಪಾಗಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಲೀಸು ಪಡೆದು ಡೇರೆ ಹಾಕಿದವನು ಮಾತ್ರ ಯಾವ ನೋಟಿಸಿಗೂ ಕೈಗೆ ಸಿಗುವುದಿಲ್ಲ, ಅವನು ಬೇರೆ ಊರಿನಲ್ಲಿರುತ್ತಾನೆ. ಹೋಂಸ್ಟೇಗೆ ಎಷ್ಟು ಕೋಣೆ, ಡೇರೆ ಎಲ್ಲಿ ಹಾಕಬಹುದು, ಎಷ್ಟು ತಿಂಗಳಿಗೆ ಕೀಳಬೇಕು, ಕಮೋಡಿನ ನೀರು ಎಲ್ಲಿಗೆ ಹೋಗಬೇಕು ಎಂಬ ನಾಲ್ಕು ಪ್ರಶ್ನೆಗೆ ಒಂದು ಪುಟದ ಉತ್ತರ ಬರೆದು ಪಂಚಾಯಿತಿ ಕಟ್ಟೆಯ ಮೇಲೆ ಅಂಟಿಸಿದ್ದರೆ ಇಷ್ಟು ನೋಟಿಸುಗಳ ಕಾಗದವಾದರೂ ಉಳಿಯುತ್ತಿತ್ತು.

ಅಂಥ ಉತ್ತರ ಬರುವ ಲಕ್ಷಣ ಕಾಣದಿರುವುದರಿಂದ ಟೆಂಟಿನವರಿಗೆ ನಾನೊಂದು ಕಾನೂನು ಸಲಹೆಯನ್ನು ಉಚಿತವಾಗಿ ಕೊಡಬಯಸುತ್ತೇನೆ. ಕೇಂದ್ರದ ಕಾಯ್ದೆಯ ಪ್ರಕಾರ ಯಾವುದೇ ರಚನೆ ಪ್ರಾಚೀನ ಸ್ಮಾರಕವೆನಿಸಿಕೊಳ್ಳಲು ಅದಕ್ಕೆ ನೂರು ವರ್ಷ ತುಂಬಿರಬೇಕು. ನೋಟಿಸು, ತಡೆಯಾಜ್ಞೆ, ಮರುಪರಿಶೀಲನೆ, ಜಂಟಿ ಸಮೀಕ್ಷೆ ಎಂದು ಈಗಿನ ವೇಗದಲ್ಲಿಯೇ ಕಾಲ ಸಾಗಿದರೆ ಸಾಣಾಪುರದ ತಾತ್ಕಾಲಿಕ ಡೇರೆಗಳು ಆ ನೂರು ವರ್ಷವನ್ನು ನಿರಾಯಾಸವಾಗಿ ಪೂರೈಸುತ್ತವೆ. ಆಗ ಪುರಾತತ್ವ ಇಲಾಖೆಯ ನೀಲಿ ಫಲಕ ಡೇರೆಯ ಮುಂದೆಯೇ ನಿಲ್ಲುತ್ತದೆ, ಕಮೋಡಿನ ಸುತ್ತ ತಂತಿಬೇಲಿ ಬರುತ್ತದೆ, ಸುತ್ತಲಿನ ನೂರು ಮೀಟರ್ ನಿಷೇಧಿತ ಪ್ರದೇಶವಾಗುತ್ತದೆ, ಪಕ್ಕದ ಗದ್ದೆಯಲ್ಲಿ ಆಗತಾನೇ ಹೊಸ ಡೇರೆ ಹಾಕಿದವನಿಗೆ ನೋಟಿಸ್ ಹೋಗುತ್ತದೆ.