ಸ್ಕೀಯಿಂಗ್ ಮುಗಿದ ಮೇಲಿನ ಎರಡು ಗಂಟೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಸ್ಕೀಯಿಂಗ್ ಸರಿಯಾಗಿ ಬರುವುದಿಲ್ಲ. ಆರು ಚಳಿಗಾಲದಿಂದ ಕಲಿಯುತ್ತಿದ್ದೇನೆ. ಇನ್ನೂ ನೀಲಿ ಗುರುತಿನ ಸುಲಭದ ಇಳಿಜಾರು ಬಿಟ್ಟು ಆಚೆ ಹೋಗಿಲ್ಲ. ಐದು ವರ್ಷದ ಮಕ್ಕಳು ಪಕ್ಕದಲ್ಲೇ ಸುಂಯ್ ಅಂತ ಇಳಿದು ಹೋಗುತ್ತವೆ. ಆದರೂ ಪ್ರತಿ ಫೆಬ್ರವರಿಯಲ್ಲಿ ಮ್ಯೂನಿಕ್‌ನಿಂದ ರೈಲು ಹತ್ತಿ, ಇನ್ಸ್‌ಬ್ರುಕ್‌ನಲ್ಲಿ ಬದಲಿಸಿ, ಆಸ್ಟ್ರಿಯಾದ ಸಾಂಕ್ಟ್ ಆಂಟೋನ್‌ಗೆ ಹೋಗುತ್ತೇನೆ. ಯಾಕೆ ಅಂದರೆ ಸಂಜೆ ನಾಲ್ಕರಿಂದ ಆರರವರೆಗಿನ ಎರಡು ಗಂಟೆಗೋಸ್ಕರ.

ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿ ಪ್ರತಿ ವರ್ಷ ಅದೇ ಪ್ರಶ್ನೆ ಕೇಳುತ್ತಾಳೆ: "ದುಡ್ಡು ಕೊಟ್ಟು ಜಾರಿ ಬೀಳೋಕೆ ಹೋಗ್ತೀಯೇನೇ?" ಹೌದಮ್ಮಾ, ಬೀಳೋಕೇ ಹೋಗ್ತೀನಿ ಅನ್ನುತ್ತೇನೆ. ಅವಳಿಗೆ ತಮಾಷೆ ಅನಿಸುತ್ತೆ. ನಾನು ಹೇಳುವುದು ನಿಜವನ್ನೇ.

ಸಂಜೆಯ ಆ ಎರಡು ಗಂಟೆಗೆ ಆಪ್ರೆ ಸ್ಕೀ ಅನ್ನುತ್ತಾರೆ. ಫ್ರೆಂಚ್ ಮಾತು, ಸ್ಕೀ ಆದ ಮೇಲೆ ಅಂತ ಅರ್ಥ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಬಿಯರ್ ಲೋಟ ಹಿಡಿದು ಮೇಜಿನ ಮೇಲೆ ಕುಣಿಯುವವರ ಚಿತ್ರಗಳೇ ಬರುತ್ತವೆ. ಅದೂ ಇದೆ, ಸುಳ್ಳಲ್ಲ. ಸಾಂಕ್ಟ್ ಆಂಟೋನ್‌ನಲ್ಲಿ ಊರಿಗೆ ಇಳಿಯುವ ದಾರಿಯ ಮೇಲೇ, ಹಿಮದ ಇಳಿಜಾರಿನಲ್ಲೇ, ದೊಡ್ಡ ದೊಡ್ಡ ಬಾರುಗಳಿವೆ. ಮಧ್ಯಾಹ್ನ ಮೂರೂವರೆಗೆಲ್ಲಾ ಹಾಡು ಶುರು. ನಾವೂ ಒಂದು ಸಲ ಹೋಗಿದ್ದೆವು. ಕಿವಿ ಗುಂಯ್ ಅಂದಿತು, ಅರ್ಧ ಗಂಟೆಯಲ್ಲಿ ಈಚೆ ಬಂದೆವು. ನಾನು ಹೇಳಹೊರಟಿರುವುದು ಅದರ ಬಗ್ಗೆ ಅಲ್ಲ. ಅಲ್ಲೇ ಸ್ವಲ್ಪ ಮೇಲೆ, ಮರದ ಗೋಡೆಯ ಸಣ್ಣ ಗುಡಿಸಲಿನಂಥ ಹೋಟೆಲುಗಳಿವೆ. ಹ್ಯುಟ್ಟೆ ಅನ್ನುತ್ತಾರೆ. ನನ್ನ ಜಾಗ ಅದು.

ಅಲ್ಲಿಗೆ ತಿರುಗುವುದಕ್ಕೂ ಒಂದು ಹೆಸರಿದೆ, ಐನ್‌ಕೇರ್‌ಶ್ವುಂಗ್. ಸ್ಕೀಯಲ್ಲಿ ಎಡಕ್ಕೆ ಬಲಕ್ಕೆ ತಿರುಗುವುದನ್ನು ಶ್ವುಂಗ್ ಅನ್ನುತ್ತಾರೆ. ಹೋಟೆಲಿಗೆ ನುಗ್ಗುವುದು ಐನ್‌ಕೇರೆನ್. ಎರಡನ್ನೂ ಕೂಡಿಸಿದರೆ ಇಳಿಯುತ್ತಾ ಇಳಿಯುತ್ತಾ ಹ್ಯುಟ್ಟೆಯ ಬಾಗಿಲಿಗೆ ಹೊಡೆಯುವ ತಿರುವು. ನನಗೆ ಚೆನ್ನಾಗಿ ಬರುವ ತಿರುವು ಅದೊಂದೇ.

ಒಳಗೆ ಹೋದ ತಕ್ಷಣ ಎಲ್ಲರೂ ಮೊದಲು ಮಾಡುವ ಕೆಲಸ ಬೂಟಿನ ಕೊಂಡಿ ಬಿಚ್ಚುವುದು. ಸ್ಕೀ ಬೂಟು ಹಾಕದವರಿಗೆ ಇದು ಅರ್ಥ ಆಗುವುದು ಕಷ್ಟ. ಗಟ್ಟಿ ಪ್ಲಾಸ್ಟಿಕ್ಕು, ಕಣಕಾಲು ಒಂಚೂರೂ ಅಲ್ಲಾಡದ ಹಾಗೆ ಬಿಗಿದಿರುತ್ತೆ. ಮೇಲಿನ ಎರಡು ಕೊಂಡಿ ಟಕ್ ಟಕ್ ಅಂತ ಬಿಟ್ಟಾಗ ಇಡೀ ಹೋಟೆಲಿನಲ್ಲಿ ಒಂದೇ ಥರದ ನಿಟ್ಟುಸಿರು ಕೇಳುತ್ತೆ. ಆಮೇಲೆ ಶೌಚಾಲಯಕ್ಕೆ ಹೋಗಬೇಕಲ್ಲ, ಆಗ ನೋಡಬೇಕು ನಡಿಗೆ! ಬ್ಯಾಂಕ್ ಮ್ಯಾನೇಜರಾಗಲಿ ಕಾಲೇಜು ಹುಡುಗನಾಗಲಿ, ಎಲ್ಲರೂ ಆಗ ತಾನೇ ನಡೆಯಲು ಕಲಿತ ಮಗುವಿನ ಹಾಗೆ ಧಪ್ ಧಪ್ ಅಂತ ಹೋಗುತ್ತಾರೆ. ಅಂಥ ಬೂಟು ಹಾಕಿಕೊಂಡು ಜಂಬ ಮಾಡುವುದು ಆಗದ ಮಾತು.

ತಿನ್ನುವುದರ ಬಗ್ಗೆ ಹೇಳಲೇಬೇಕು. ಗೆರ್ಮ್‌ಕ್ನೇಡೆಲ್ ಅಂತ ಒಂದಿದೆ. ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟಿನ ದೊಡ್ಡ ಉಂಡೆ, ಒಳಗೆ ಪ್ಲಮ್ ಹಣ್ಣಿನ ಗಟ್ಟಿ ಜಾಮು, ಹಬೆಯಲ್ಲಿ ಬೇಯಿಸಿದ್ದು. ಮೇಲೆ ಪುಡಿ ಮಾಡಿದ ಗಸಗಸೆ, ಸಕ್ಕರೆ, ಕರಗಿದ ಬೆಣ್ಣೆ. ಮೊದಲ ಸಲ ತಟ್ಟೆ ಬಂದಾಗ ನಮ್ಮನೆಯವರು ಸುಮ್ನೆ ನೋಡುತ್ತಾ ಕೂತರು. ಆಮೇಲೆ ಹೇಳಿದರು, "ಲೇ, ಇದು ಸಿಹಿಗಡುಬು ಕಣೇ. ಜರ್ಮನ್ ಮಾತಾಡ್ತಿದೆ ಅಷ್ಟೇ." ಗಸಗಸೆಯನ್ನು ನಾವು ಪಾಯಸಕ್ಕೆ ಹಾಕಿ ಮಧ್ಯಾಹ್ನ ನಿದ್ದೆ ಹೊಡೆಯುತ್ತೇವೆ, ಇವರು ಕಡುಬಿನ ಮೇಲೆ ಸುರಿದು ಸ್ಕೀ ಮಾಡುತ್ತಾರೆ. ಕುಡಿಯುವವರಿಗೆ ಯಾಗರ್‌ಟೀ ಇದೆ, ಟೀಗೆ ರಮ್ ಸೇರಿಸಿದ್ದು. ನನ್ನಂಥವರಿಗೆ ಷೀವಾಸರ್, ರಾಸ್ಪ್‌ಬೆರಿ ಮತ್ತು ನಿಂಬೆಯ ಶರಬತ್ತು. ಆರು ವರ್ಷದಲ್ಲಿ ಒಬ್ಬರೂ "ಯಾಕೆ ಕುಡಿಯಲ್ಲ?" ಅಂತ ನನ್ನನ್ನು ಕೇಳಿಲ್ಲ. ನಮ್ಮ ಕಡೆಯ ಪಾರ್ಟಿಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ.

ಈಗ ನನ್ನ ಮುಖ್ಯ ಮಾತು. ಜರ್ಮನಿಯಲ್ಲಿ ಬದುಕುವವರಿಗೆಲ್ಲಾ ಟೆರ್ಮೀನ್ ಅನ್ನುವ ಪದ ಗೊತ್ತು, ಮೊದಲೇ ಗೊತ್ತುಮಾಡಿದ ಭೇಟಿಯ ಹೊತ್ತು ಅಂತ ಅರ್ಥ. ಡಾಕ್ಟರಿಗೂ ಟೆರ್ಮೀನ್, ಕಚೇರಿಗೂ ಟೆರ್ಮೀನ್. ಅಷ್ಟೇ ಆದರೆ ಪರವಾಗಿಲ್ಲ, ಗೆಳತಿಯ ಜೊತೆ ಕಾಫಿ ಕುಡಿಯಲೂ ಮೂರು ವಾರ ಮುಂಚೆ ದಿನ ಗೊತ್ತುಮಾಡಬೇಕು. ಬಂದ ಹೊಸದರಲ್ಲಿ ಪಕ್ಕದ ಮನೆಯ ಬೆಲ್ ಒತ್ತಿ, "ಸುಮ್ನೆ ಬಂದೆ" ಅಂದಿದ್ದೆ. ಪಾಪ, ಆಕೆ ಏನೋ ಅವಘಡ ಆಗಿದೆ ಅಂದುಕೊಂಡರು! ಸುಮ್ನೆ ಬರುವುದು ಅನ್ನುವುದೇ ಇಲ್ಲಿ ಇಲ್ಲ. ಆದರೆ ಬೆಟ್ಟದ ಮೇಲೆ ನಾಲ್ಕು ಗಂಟೆಗೆ, ಸ್ಕೀ ಮಾಡುವವರನ್ನು ತಂತಿಯಲ್ಲಿ ಮೇಲಕ್ಕೆ ಒಯ್ಯುವ ಲಿಫ್ಟುಗಳು ನಿಲ್ಲುತ್ತವೆ. ಮೇಲೆ ಹೋಗುವ ಹಾಗಿಲ್ಲ, ಊಟಕ್ಕೆ ಇನ್ನೂ ಹೊತ್ತಿದೆ. ಇದೇ ಜನ ಉದ್ದನೆಯ ಬೆಂಚಿನಲ್ಲಿ ಸರಿದು ಜಾಗ ಕೊಡುತ್ತಾರೆ. ಯಾರೂ ಯಾರನ್ನೂ ಕರೆದಿರುವುದಿಲ್ಲ. ಹತ್ತು ನಿಮಿಷದಲ್ಲಿ ಮೇಜಿನ ತುಂಬಾ ಮಾತು. ಇದರ ಸೆಳೆತ ಬಿಯರಿನಲ್ಲಿದೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಿಯರು ಮ್ಯೂನಿಕ್‌ನಲ್ಲಿ ಕಮ್ಮಿಯೇ?

ಮಾತಾದರೂ ಏನು? ಬಿದ್ದ ಕತೆ. ಚೆನ್ನಾಗಿ ಸ್ಕೀ ಮಾಡಿದವರಿಗೆ ಹೇಳಲು ಏನೂ ಇರುವುದಿಲ್ಲ. ಇಳಿದೆ, ಚೆನ್ನಾಗಿತ್ತು, ಮುಗೀತು. ಬಿದ್ದವರದ್ದೇ ರಾಜ್ಯಭಾರ. ಹೋದ ವರ್ಷ ನಾನು ಬಾಡಿಗೆಗೆ ತಂದ ಬೂಟು ಒಂದು ಸೈಜು ದೊಡ್ಡದಾಗಿತ್ತು. ಲಿಫ್ಟಿನ ಕೆಳಗೇ ಮುಗ್ಗರಿಸಿ, ಒಂದು ಸ್ಕೀ ಬಿಟ್ಟು, ಕೂತ ಭಂಗಿಯಲ್ಲೇ ಅಷ್ಟು ದೂರ ಜಾರಿದ್ದೆ. ಸಂಜೆ ಹ್ಯುಟ್ಟೆಯಲ್ಲಿ ಎದುರಿಗೆ ಕೂತ ಅಜ್ಜ ನನ್ನ ಜಾಕೆಟ್ಟನ್ನೇ ನೋಡಿ, "ಓಹೋ, ಕೆಂಪು ಜಾಕೆಟ್! ನೀನು ಬಿದ್ದಿದ್ದನ್ನು ನಾನು ಲಿಫ್ಟಿನಿಂದ ನೋಡಿದೆ" ಅಂದರು. ನಿವೃತ್ತ ಪೋಸ್ಟ್‌ಮ್ಯಾನ್. ಐವತ್ತು ವರ್ಷದಿಂದ ಸ್ಕೀ ಮಾಡುತ್ತಿದ್ದಾರಂತೆ. ತಾವು ಬಿದ್ದ ಕತೆಗಳನ್ನು ಒಂದೊಂದಾಗಿ ತೆಗೆದರು. ನಮ್ಮನೆಯವರು ನಗುವ ಭರದಲ್ಲಿ ಷೀವಾಸರ್ ಚೆಲ್ಲಿದರು.

ಈ ಊರಿಗೆ ಅಪರಿಚಿತರನ್ನು ಗುಂಪು ಕೂಡಿಸುವ ಚಾಳಿ ಹಳೆಯದು. ಇಲ್ಲಿನ ಸ್ಕೀ ಕ್ಲಬ್ಬು ಶುರುವಾದದ್ದು 1901ರಲ್ಲಿ. ಆಮೇಲೆ ಹಾನೆಸ್ ಶ್ನೈಡರ್ ಅನ್ನುವ ಮೇಷ್ಟ್ರು ಸ್ಕೀ ಶಾಲೆ ನಡೆಸಿದರು. ಕಲಿಯಲು ಬಂದವರನ್ನು ಅವರವರ ಮಟ್ಟಕ್ಕೆ ತಕ್ಕಂತೆ ತರಗತಿಗಳಾಗಿ ಮಾಡಿ ಕಲಿಸುವ ಕ್ರಮ ಅವರದು. ಬೆಳಗ್ಗೆ ಒಟ್ಟಿಗೆ ಬಿದ್ದವರು ಸಂಜೆ ಒಟ್ಟಿಗೆ ಕೂರದೆ ಇರುತ್ತಾರೆಯೇ?

ಹಾಗಂತ ಎಲ್ಲವೂ ಚೆಂದ ಅಂತ ಹೇಳಲಾರೆ. ಕುಡಿದು, ಕತ್ತಲಲ್ಲಿ ಸ್ಕೀ ಹಾಕಿಕೊಂಡು ಊರಿಗೆ ಇಳಿಯುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತೆ. ತಾವು ಬಿದ್ದರೆ ಬೀಳಲಿ, ಕೆಳಗಿರುವವರ ಗತಿ? 2020ರ ಮಾರ್ಚ್‌ನಲ್ಲಿ ಪಕ್ಕದ ಕಣಿವೆಯ ಇಷ್‌ಗ್ಲ್ ಊರಿನ ಇಂಥದೇ ಸಂಜೆಗಳಿಂದ ಕೊರೊನಾ ಯುರೋಪಿನ ಎಷ್ಟೋ ದೇಶಗಳಿಗೆ ಹೋಯಿತು. ಆ ಕಣಿವೆಯನ್ನೂ ಸಾಂಕ್ಟ್ ಆಂಟೋನನ್ನೂ ಮಾರ್ಚ್ 13ರಂದು ಮುಚ್ಚಿದರು. ಮುಂದಿನ ತಿಂಗಳು ಇನ್ಸ್‌ಬ್ರುಕ್‌ನ ವೈದ್ಯಕೀಯ ವಿಶ್ವವಿದ್ಯಾಲಯದವರು ಇಷ್‌ಗ್ಲ್ ಜನರ ರಕ್ತ ಪರೀಕ್ಷೆ ಮಾಡಿದಾಗ ಶೇ. 42ರಷ್ಟು ಮಂದಿಯಲ್ಲಿ ಸೋಂಕಿನ ಗುರುತು ಸಿಕ್ಕಿತು. ಬೆಂಚಿನಲ್ಲಿ ಒತ್ತಿಕೊಂಡು ಕೂರುವ ಸುಖಕ್ಕೆ ಈ ಮುಖವೂ ಇದೆ. ಆಮೇಲೆ ಖರ್ಚು. ಅದರ ಲೆಕ್ಕ ಅಮ್ಮನಿಗೆ ಹೇಳಿಲ್ಲ, ಇಲ್ಲೂ ಹೇಳಲ್ಲ.

ಅಂದ ಹಾಗೆ, ಆ ಅಜ್ಜ ನನ್ನನ್ನು ಮೊದಲ ಮಾತಿಗೇ "ಡು" ಅಂದಿದ್ದರು. ಜರ್ಮನ್‌ನಲ್ಲೂ ನಮ್ಮ ಹಾಗೇ ನೀನು ಮತ್ತು ನೀವು ಬೇರೆ ಬೇರೆ. ಡು ಅಂದರೆ ನೀನು, ಜೀ ಅಂದರೆ ನೀವು. ಹೊಸಬರನ್ನು ಏಕಾಏಕಿ ಡು ಅನ್ನುವ ಹಾಗಿಲ್ಲ. ಆದರೆ ಸಾವಿರ ಮೀಟರಿಗಿಂತ ಮೇಲೆ ಜೀ ಇಲ್ಲ ಅನ್ನುವುದು ಆಲ್ಪ್ಸ್ ಬೆಟ್ಟದವರ ರೂಢಿ. ಸಾಂಕ್ಟ್ ಆಂಟೋನ್ ಇರುವುದೇ 1304 ಮೀಟರ್ ಎತ್ತರದಲ್ಲಿ. ನಾನೂ ಧೈರ್ಯ ಮಾಡಿ, ನಮ್ಮ ತಂದೆಯ ವಯಸ್ಸಿನವರನ್ನು ಡು ಅಂದೆ. ನಾಲಿಗೆ ತಡವರಿಸಿತು. ಊರಿನಲ್ಲಾಗಿದ್ದರೆ ಅಮ್ಮ ಕೆನ್ನೆಗೆ ಕೊಡುತ್ತಿದ್ದಳು.

ಎರಡು ದಿನ ಬಿಟ್ಟು ವಾಪಸ್ ಹೊರಟೆವು. ಇನ್ಸ್‌ಬ್ರುಕ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅದೇ ಅಜ್ಜ, ಹೆಗಲ ಮೇಲೆ ಸ್ಕೀ. ನನ್ನ ಕೆಂಪು ಜಾಕೆಟ್ ನೋಡಿ ಹತ್ತಿರ ಬಂದರು. ಟೋಪಿ ತೆಗೆದು, ಬೆನ್ನು ನೆಟ್ಟಗೆ ಮಾಡಿ, "ನಿಮ್ಮ ಮಂಡಿ ಈಗ ಹೇಗಿದೆ?" ಅಂತ ಕೇಳಿದರು. ಜೀ ಹಚ್ಚಿ! ಇನ್ಸ್‌ಬ್ರುಕ್ ಆರುನೂರು ಮೀಟರಿಗಿಂತ ಕೆಳಗಿದೆ, ನೋಡಿ.