ತೊಳೆಯದೆ ಎಂಜಿನ್ ಇಳಿಸುವವರಿಗೆ

ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಬರಹ ಉದ್ದವಾದರೆ ಸಹಿಸಿಕೊಳ್ಳಿ. ಹಳೆಯ ಕಾರುಗಳ ಮೇಲೆ ನನಗಿರುವ ಪ್ರೀತಿ ನಿಮಗೆಲ್ಲ ಗೊತ್ತೇ ಇದೆ. ಇವತ್ತು ಗೆಳೆಯನ ಕಾರು ನೋಡಲು ಗ್ಯಾರೇಜಿಗೆ ಹೋದರೆ ಎಂಜಿನ್ ಆಗಲೇ ಬಿಚ್ಚಿ ಹರಡಿತ್ತು. ಗೇರ್‌ಬಾಕ್ಸ್ ಸೇರುವ ಕಡೆಯಿಂದ ಆಯಿಲ್ ತೊಟ್ಟಿಕ್ಕುತ್ತಿತ್ತಂತೆ. ‘ಹಿಂದಿನ ಸೀಲ್ ಹೋಗಿದೆ, ಬೇರಿಂಗ್ ಸವೆದಿರುತ್ತದೆ, ಪಿಸ್ಟನ್ ರಿಂಗ್ ಕೂಡ ಹೋಗಿರುತ್ತದೆ, ಎಲ್ಲ ಒಟ್ಟಿಗೆ ಮಾಡಿಬಿಡೋಣ’ ಎಂದು ಕ್ರ್ಯಾಂಕ್‌ಶಾಫ್ಟನ್ನು (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಗ್ರೈಂಡಿಂಗ್‌ಗೆ, ಅಂದರೆ ಮೇಲ್ಮೈ ಸಾಣೆ ಹಿಡಿಸಲು, ಕಳುಹಿಸಲು ಎತ್ತಿಟ್ಟಿದ್ದರು.

ಆ ದಂಡ ತಿರುಗುವ ಬೇರಿಂಗ್ ಶೆಲ್‌ಗಳನ್ನು (ತೆಳು ಲೋಹದ ಚಿಪ್ಪುಗಳು) ಬೆಳಕಿಗೆ ಹಿಡಿದು ನೋಡಿದೆ. ಒಂದೇ ಸಮನಾದ ಮಾಸಲು ಬೂದು ಬಣ್ಣ. ಉಗುರಿಗೆ ಸಿಗುವ ಗೀರಿಲ್ಲ, ಒಳಪದರದ ತಾಮ್ರ ಎಲ್ಲೂ ಇಣುಕಿಲ್ಲ. ಅಂದರೆ ಸವೆದೇ ಇಲ್ಲ. ಆಮೇಲೆ ಎಂಜಿನ್ನಿನ ನೆತ್ತಿಯ ಮುಚ್ಚಳದ, ಅಂದರೆ ಟ್ಯಾಪೆಟ್ ಕವರ್‌ನ, ಕಾರ್ಕ್ ಗ್ಯಾಸ್ಕೆಟ್ ಕೈಗೆತ್ತಿಕೊಂಡೆ. ಹಿಂಬದಿಯ ಮೂಲೆಯಲ್ಲಿ ಅದು ಒಣಗಿ ಸೀಳಿತ್ತು. ಅದೇ ಮೂಲೆಯ ಕೆಳಗೆ, ಹೆಡ್ಡಿನ ಬೆನ್ನಿನಿಂದ ಬ್ಲಾಕಿನ ಬೆನ್ನಿಗೆ ನೇರವಾಗಿ ಇಳಿದ ಜಿಡ್ಡಿನ ಪಟ್ಟೆ. ಬಿಚ್ಚುವ ಮೊದಲು ಯಾರಾದರೂ ಒಂದು ಕನ್ನಡಿ, ಒಂದು ಟಾರ್ಚ್ ಹಿಡಿದಿದ್ದರೆ ಕಾಣುತ್ತಿತ್ತು. ಯಾರೂ ಹಿಡಿದಿರಲಿಲ್ಲ. ಯಾರೂ ಎಂಜಿನ್ ತೊಳೆದಿರಲೂ ಇಲ್ಲ!

ನನ್ನ ತಕರಾರು ಇಷ್ಟೇ: ಪತ್ತೆ ಮಾಡುವ ಮೊದಲೇ ಬಿಚ್ಚುವುದೇಕೆ? ಆಯಿಲ್ ಸೋರುವ ಜಾಗ ಬೇರೆ, ತೊಟ್ಟಿಕ್ಕುವ ಜಾಗ ಬೇರೆ. ಅದು ಕೆಳಗಿಳಿಯುತ್ತದೆ; ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಆದ್ದರಿಂದ ಸೋರಿಕೆ ಎಲ್ಲೇ ಇರಲಿ, ಕಲೆ ಬಹುತೇಕ ಎಂಜಿನ್ನಿನ ಹಿಂದಿನ ತಳದಲ್ಲೇ ಬಂದು ನಿಲ್ಲುತ್ತದೆ. ಮೊದಲು ಜಿಡ್ಡೆಲ್ಲ ತೊಳೆದು ಒಣಗಿಸಬೇಕು. ಅನುಮಾನವಿದ್ದ ಜಾಗಕ್ಕೆ ಟಾಲ್ಕಮ್ ಪೌಡರ್ ಉದುರಿಸಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರಬೇಕು. ಹಸಿಯಾಗಿರುವ ಅತ್ಯಂತ ಮೇಲಿನ ಜಾಗವೇ ಮೊದಲ ಆರೋಪಿ. ಅಷ್ಟಕ್ಕೂ ಸಿಗದಿದ್ದರೆ ಆಯಿಲ್‌ಗೆ ಬೆರೆಸುವ ಬಣ್ಣವಿದೆ, ಅದನ್ನು ಹೊಳೆಯಿಸುವ ನೇರಳಾತೀತ ದೀಪವಿದೆ.

‘ಹಳೆಯ ಕಾರು ಎಂದರೆ ಸೋರುವುದೇ, ಅದರ ರಚನೆಯೇ ಹಾಗೆ’ ಎನ್ನುವವರು ಇದ್ದಾರೆ. ಇದರಲ್ಲಿ ಅರ್ಧ ನಿಜವಿದೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಎ-ಸೀರೀಸ್ ಮತ್ತು ಮೂರು ಬೇರಿಂಗಿನ ಬಿ-ಸೀರೀಸ್ ಎಂಜಿನ್‌ಗಳಲ್ಲಿ, ಅಂದರೆ ಮಾರಿಸ್ ಮೈನರ್, ಎಂಜಿಎಗಳಂಥ ಕಾರುಗಳಲ್ಲಿ, ಕ್ರ್ಯಾಂಕಿನ ಹಿಂತುದಿಗೆ ರಬ್ಬರ್ ಸೀಲೇ ಇರಲಿಲ್ಲ. ಶಾಫ್ಟಿನ ಮೇಲೆ ಕೊರೆದ ಸುರುಳಿ ತೋಡೊಂದು ತಿರುಗುತ್ತಾ ಆಯಿಲನ್ನು ತಳದ ಆಯಿಲ್ ತೊಟ್ಟಿಗೆ ಹಿಂದಿರುಗಿಸುತ್ತಿತ್ತು. 1964ರಲ್ಲಿ ಎಂಜಿಬಿಗೆ ಐದು ಬೇರಿಂಗಿನ ಎಂಜಿನ್ ಬಂದಾಗ ಅಲ್ಲಿಗೆ ಸೀಲ್ ಬಂತು. ಸರಿ, ಸುರುಳಿಯಲ್ಲಿ ಒಂದೆರಡು ತೊಟ್ಟು ಬೀಳುವುದನ್ನು ಒಪ್ಪುತ್ತೇನೆ. ಆದರೆ ನಿನ್ನೆಯವರೆಗೆ ತೊಟ್ಟಿಕ್ಕುತ್ತಿದ್ದದ್ದು ಇವತ್ತು ಧಾರೆಯಾದರೆ ರಚನೆಯನ್ನು ದೂರಿ ಪ್ರಯೋಜನವೇನು? ರಿಂಗ್ ಸವೆದು ದಹನದ ಅನಿಲ ಕ್ರ್ಯಾಂಕ್ ಇರುವ ಕೋಣೆಗೆ (ಕ್ರ್ಯಾಂಕ್‌ಕೇಸ್) ನುಗ್ಗುತ್ತಿರಬಹುದು, ಇಲ್ಲವೇ ಅಲ್ಲಿನ ಗಾಳಿ ಹೊರಬಿಡುವ ಬ್ರೀದರ್ ಕಟ್ಟಿಕೊಂಡಿರಬಹುದು. ಒಳಗಿನ ಒತ್ತಡ ಹೊರಹೋಗಲು ದಾರಿ ಸಿಗದಿದ್ದರೆ ಆಯಿಲನ್ನು ತಳ್ಳಿಕೊಂಡೇ ಹೊರಬರುತ್ತದೆ. ಬ್ರೀದರ್ ಕೊಳವೆ ಬಿಚ್ಚಿ ಶುಚಿ ಮಾಡಿದರೆ ನಿಲ್ಲುವ ಸೋರಿಕೆಗೆ ಎಂಜಿನ್ ಇಳಿಸಿದವರನ್ನೂ ನಾನು ಬಲ್ಲೆ.

ಸವೆತದ ವಿಷಯಕ್ಕೂ ಇದೇ ಮಾತು. ‘ರಿಂಗ್ ಹೋಗಿದೆ’ ಎಂದು ಕಿವಿಯಿಂದಷ್ಟೇ ತೀರ್ಪು ಕೊಡುವುದು ನನಗೆ ಸಹಿಸಲಾಗದು. ಬಿಸಿ ಎಂಜಿನ್ನಿನ ಎಲ್ಲ ಪ್ಲಗ್ ತೆಗೆದು, ಇಗ್ನಿಷನ್ ಸಂಪರ್ಕ ತಪ್ಪಿಸಿ, ಆಕ್ಸಲರೇಟರ್ ಪೂರ್ತಿ ಒತ್ತಿ, ಸ್ಟಾರ್ಟರ್ ತಿರುಗಿಸಿ ಪ್ರತಿ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಏಳುವ ಒತ್ತಡ) ಅಳೆದು ಬರೆದುಕೊಳ್ಳಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ನೋಡಿ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಪಡಿ. ಹೊಗೆಯೂ ಸುಳಿವು ಕೊಡುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದು ಇಳಿದು ಮತ್ತೆ ಆಕ್ಸಲರೇಟರ್ ಒತ್ತಿದಾಗ ನೀಲಿ ಹೊಗೆ ಉಗುಳಿದರೆ ಸಾಮಾನ್ಯವಾಗಿ ವಾಲ್ವ್ ಗೈಡ್ (ವಾಲ್ವ್ ಜಾರುವ ಕೊಳವೆ) ಸವೆದಿರುತ್ತದೆ. ಎಳೆಯುವಾಗಲೆಲ್ಲ ಬರುತ್ತಿದ್ದರೆ ರಿಂಗ್. ಬೇರಿಂಗಿನ ಸ್ಥಿತಿ ತಿಳಿಯಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ನೋಡಿ. ತಣ್ಣಗಿರುವಾಗ ಸವೆದ ಎಂಜಿನ್ನೂ ಒಳ್ಳೆಯ ಅಂಕಿ ತೋರಿಸುತ್ತದೆ. ಇಷ್ಟಕ್ಕೆಲ್ಲ ಒಂದು ಬೆಳಗಿನ ಕೆಲಸ ಸಾಕು.

ಒಂದು ಮಾತು ಹೇಳಲೇಬೇಕು. ಕ್ರ್ಯಾಂಕ್ ಗ್ರೈಂಡಿಂಗ್ ಎಂದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪ್ರತಿ ಸಲ ಸುಮಾರು ಕಾಲು ಮಿಲಿಮೀಟರಿನಷ್ಟು ಉಕ್ಕು ಹೋಗುತ್ತದೆ, ಹೋದದ್ದು ಹಿಂದಿರುಗುವುದಿಲ್ಲ. ಕೆಲವು ಸಲ ಹೀಗೆ ತೆಗೆದ ಮೇಲೆ ಅದಕ್ಕೆ ಹೊಂದುವ ಶೆಲ್ಲೇ ಸಿಗದು. ಬೋರಿನದೂ ಅದೇ ಕಥೆ. ತಯಾರಿಕೆ ನಿಂತು ದಶಕಗಳಾದ ಎಂಜಿನ್ನಿಗೆ ಉಳಿದಿರುವ ಆಯುಷ್ಯ ಈ ಲೋಹದಲ್ಲಿದೆ. ಬರೀ ಊಹೆಯ ಮೇಲೆ ಅದನ್ನು ಕೆತ್ತಿ ಎಸೆಯುವುದನ್ನು ಕಂಡರೆ ನಿಜಕ್ಕೂ ನೋವಾಗುತ್ತದೆ.

ಇನ್ನೊಂದು ಗುಂಪು ಏನನ್ನೂ ಬಿಚ್ಚುವುದಿಲ್ಲ, ದಪ್ಪ ಆಯಿಲ್ ಸುರಿಯುತ್ತದೆ. ಸದ್ದು ಅಡಗುತ್ತದೆ, ಪ್ರೆಷರ್ ಮುಳ್ಳು ಏರುತ್ತದೆ, ಸವೆತ ಅಲ್ಲೇ ಇರುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಆ ಆಯಿಲ್ ಮೇಲೆ ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳ ಶಾಫ್ಟಿಗೆ ತಲುಪುವುದೂ ತಡ. ಇವರೂ ಅಳೆಯುವುದಿಲ್ಲ, ಅವರೂ ಅಳೆಯುವುದಿಲ್ಲ.

ನಿಮ್ಮ ಕಾರಿಗೆ ಯಾರಾದರೂ ‘ಎಂಜಿನ್ ಇಳಿಸಬೇಕು’ ಎಂದರೆ, ಕಂಪ್ರೆಷನ್ ಎಷ್ಟು ಬಂತು, ಬಿಸಿಯಲ್ಲಿ ಪ್ರೆಷರ್ ಎಷ್ಟಿತ್ತು, ತೊಳೆದ ಮೇಲೆ ಮೊದಲು ಹಸಿಯಾದದ್ದು ಎಲ್ಲಿ ಎಂದು ಕೇಳಿ. ಉತ್ತರ ಬರದಿದ್ದರೆ ಕೀಲಿ ಕೊಡಬೇಡಿ.