ಎಂ.ಡಿ., ಎಂ.ಎಸ್.ಗೆ ಥೀಸಿಸ್ ಕಡ್ಡಾಯ ಬೇಕೆ?

ನೀಟ್ ಪಿಜಿ ಪ್ರವೇಶ ಪರೀಕ್ಷೆ ದಾಟಿ ಎಂ.ಡಿ., ಎಂ.ಎಸ್. ಎಂಬ ಸ್ನಾತಕೋತ್ತರ (ಪಿಜಿ) ಓದಿಗೆ ಸೇರಿದ ಪ್ರತಿಯೊಬ್ಬ ವೈದ್ಯರೂ ಮೂರು ವರ್ಷದ ಕೋರ್ಸಿನಲ್ಲಿ ಒಂದು ಥೀಸಿಸ್, ಅಂದರೆ ಸಂಶೋಧನಾ ಪ್ರಬಂಧ, ಬರೆಯಲೇಬೇಕು. ಕೊನೆಯ ಪರೀಕ್ಷೆಗೆ ಕನಿಷ್ಠ ಆರು ತಿಂಗಳು ಮುಂಚೆ ಅದನ್ನು ಒಪ್ಪಿಸಬೇಕು. ಅದು ಅಂಗೀಕಾರವಾಗದೆ ಪರೀಕ್ಷೆಗೆ ಕೂರುವಂತಿಲ್ಲ. ಈ ನಿಯಮ ಬೇಕೋ ಬೇಡವೋ ಎಂಬ ಬಗ್ಗೆ ಬೆಂಗಳೂರಿನ ಇಬ್ಬರು ಸರ್ಜನ್‌ಗಳು ಇಲ್ಲಿ ಬರೆದಿದ್ದಾರೆ. ಮೊದಲನೆಯವರು ಬಹಳ ವರ್ಷಗಳಿಂದ ಪಿಜಿ ವಿದ್ಯಾರ್ಥಿಗಳಿಗೆ ಥೀಸಿಸ್ ಗೈಡ್ ಆಗಿರುವವರು, ಎರಡನೆಯವರು ಈಚೆಗೆ ಎಂ.ಎಸ್. ಆರ್ಥೋ (ಮೂಳೆ ಶಸ್ತ್ರಚಿಕಿತ್ಸೆ) ಮುಗಿಸಿದವರು.

ಪರ: ಬೇಕು, ಎಣಿಸದೆ ಏನೂ ಗೊತ್ತಾಗುವುದಿಲ್ಲ

ನಮ್ಮ ಓಪಿಡಿಯಲ್ಲಿ ಒಬ್ಬ ರೋಗಿಗೆ ಸಿಗುವುದು ನಾಲ್ಕೈದು ನಿಮಿಷ. ಗಾಯ ನೋಡಿ, ಮಾತ್ರೆ ಬರೆದು, ‘ಎರಡು ವಾರ ಬಿಟ್ಟು ಬನ್ನಿ’ ಅಂತ ಕಳಿಸುತ್ತೇವೆ. ಆತ ಬಂದನೋ ಇಲ್ಲವೋ ಗೊತ್ತಾಗುವುದಿಲ್ಲ, ಯಾಕೆಂದರೆ ಎರಡು ವಾರದ ನಂತರ ಆ ಕುರ್ಚಿಯಲ್ಲಿ ಇನ್ನೊಬ್ಬ ಪಿಜಿ ಕೂತಿರುತ್ತಾನೆ. ಮೂರು ವರ್ಷದ ಓದಿನಲ್ಲಿ ಅದೇ ರೋಗಿಯನ್ನು ಹುಡುಕಿಕೊಂಡು ಹೋಗಿ ‘ಆಮೇಲೆ ಏನಾಯ್ತು?’ ಎಂದು ಕೇಳಿಸುವ ಕೆಲಸ ಥೀಸಿಸ್ ಒಂದೇ.

ನನ್ನ ಕೈಕೆಳಗೆ ಓದಿದ ಒಬ್ಬ ಹುಡುಗಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಮೇಲೆ ಥೀಸಿಸ್ ಮಾಡಿದಳು. ಜನ ಅಸಡ್ಡೆ ಮಾಡಿ, ಕಾಲು ಕೊಳೆತ ಮೇಲೆ ಬರುತ್ತಾರೆ ಅನ್ನೋದು ಅವಳ ಗಟ್ಟಿ ನಂಬಿಕೆಯಾಗಿತ್ತು. ವಾರ್ಡಿನಲ್ಲಿ ನಾವೆಲ್ಲ ಹಾಗೇ ಮಾತಾಡಿಕೊಳ್ಳುತ್ತಿದ್ದೆವು. ಪ್ರತಿ ರೋಗಿಯ ವಿವರ ತುಂಬುವ ಪ್ರೊಫಾರ್ಮಾಕ್ಕೆ ನಾನು ಮೂರು ಪ್ರಶ್ನೆ ಹೆಚ್ಚಿಗೆ ಸೇರಿಸಿದೆ: ಗಾಯ ಕಂಡದ್ದು ಯಾವತ್ತು, ಮೊದಲು ತೋರಿಸಿದ್ದು ಯಾರಿಗೆ, ನಮ್ಮಲ್ಲಿಗೆ ಬಂದದ್ದು ಯಾವತ್ತು. ಎಲ್ಲ ರೋಗಿಗಳ ಅಂಕಿ ಒಟ್ಟಿಗೆ ಬರೆಯುವ ಮಾಸ್ಟರ್ ಚಾರ್ಟ್ ತುಂಬುತ್ತಾ ಬಂದ ಹಾಗೆ ಬೇರೆಯೇ ಕಥೆ ಕಂಡಿತು. ಬಹುಪಾಲು ಜನ ಗಾಯ ಕಂಡ ವಾರದೊಳಗೆ ಹತ್ತಿರದ ಕ್ಲಿನಿಕ್ಕಿಗೋ ನರ್ಸಿಂಗ್ ಹೋಮಿಗೋ ಹೋಗಿದ್ದರು. ಅಲ್ಲಿ ಡ್ರೆಸ್ಸಿಂಗ್ ಮಾಡಿ, ಆ್ಯಂಟಿಬಯಾಟಿಕ್ ಬರೆದು, ಶುಗರ್ ನೋಡದೆ ವಾಪಸ್ ಕಳಿಸಿದ್ದರು. ತಡ ಆದದ್ದು ರೋಗಿಗಳಿಂದಲ್ಲ, ನಮ್ಮ ವೃತ್ತಿಯವರಿಂದಲೇ. ಅವಳು ಈಗ ಯಾವ ರೋಗಿಗೂ ‘ಯಾಕಮ್ಮಾ ಇಷ್ಟು ದಿನ ಬರಲಿಲ್ಲ?’ ಅಂತ ಗದರಿಸುವುದಿಲ್ಲ.

ನಮ್ಮ ಜನರ ಕಾಯಿಲೆಗಳನ್ನು ನಾವೇ ಲೆಕ್ಕ ಹಾಕದಿದ್ದರೆ ಬೇರೆ ಯಾರೂ ಹಾಕುವುದಿಲ್ಲ. ಬಿಸಿನೀರಿನ ಮೂರ್ಛೆಯನ್ನೇ ನೋಡಿ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್ ಇದು. ಹೊರದೇಶಗಳಲ್ಲಿ ತೀರಾ ಅಪರೂಪ. ಹಂಡೆಯಿಂದ ಚೊಂಬಿನಲ್ಲಿ ಮೊಗೆದು ತಲೆಗೆ ಸುರಿದುಕೊಳ್ಳುವ ನಮ್ಮ ಸೀಮೆಯಲ್ಲಿ ಅಪರೂಪವಲ್ಲ. ಬೆಂಗಳೂರಿನ ನರರೋಗ, ಮನೋರೋಗಗಳ ಆಸ್ಪತ್ರೆ ನಿಮ್ಹಾನ್ಸ್‌ನ ವೈದ್ಯರು 1980ರ ದಶಕದಲ್ಲಿ ಇಂಥ ರೋಗಿಗಳನ್ನು ದೊಡ್ಡ ಸಂಖ್ಯೆಯಲ್ಲಿ ನೋಡಿ ಬರೆದರು. ನೀರಿನ ಬಿಸಿ ಕಡಿಮೆ ಮಾಡಿಕೊಳ್ಳುವುದು, ಅದು ಸಾಲದವರಿಗೆ ಸ್ನಾನಕ್ಕೆ ಮುಂಚೆ ಫಿಟ್ಸ್ ತಡೆಯುವ ಕ್ಲೋಬಜಾಮ್ ಮಾತ್ರೆ ಕೊಡುವುದು ಎಂಬ ಸರಳ ದಾರಿ ಹೀಗೆ ರೋಗಿಗಳನ್ನು ಕೂರಿಸಿಕೊಂಡು ಕೇಳಿದ್ದರಿಂದ ತೆರೆದುಕೊಂಡಿತು.

ಕದ್ದು ಬರೆಯುತ್ತಾರೆ ಅನ್ನುವ ದೂರು ಸುಳ್ಳಲ್ಲ. ಆದರೆ ಕಾಪಿ ಹೊಡೆಯುತ್ತಾರೆಂದು ಯಾರಾದರೂ ಪರೀಕ್ಷೆಯನ್ನೇ ರದ್ದು ಮಾಡಿದ್ದಾರಾ? ನಾಳೆ ಇವರು ಕ್ಲಿನಿಕ್ ತೆರೆದಾಗ ಔಷಧಿ ಕಂಪನಿಯ ರೆಪ್ ಬಣ್ಣದ ಗ್ರಾಫ್ ಹಿಡಿದು ಬರುತ್ತಾನೆ. ಎಷ್ಟು ಜನರ ಮೇಲೆ ಮಾಡಿದ್ದು, ನಡುವೆ ಬಿಟ್ಟುಹೋದವರು ಎಷ್ಟು ಅಂತ ಅವನನ್ನು ಕೇಳುವವರು, ತಮ್ಮದೇ ರೋಗಿಗಳು ಕೈತಪ್ಪಿ ಹೋದಾಗ ಒಮ್ಮೆ ಒದ್ದಾಡಿದವರು.

ವಿರೋಧ: ಬೇಡ, ಕಡ್ಡಾಯ ಮಾಡಿದ್ದರಿಂದಲೇ ಕೆಟ್ಟಿದೆ

ಮೇಲೆ ಬರೆದವರಂಥ ಗೈಡ್ ಸಿಕ್ಕಿದವರು ಪುಣ್ಯವಂತರು. ಉಳಿದವರ ಕಥೆ ಹೇಳುತ್ತೇನೆ.

ಪಿಜಿಗೆ ಸೇರಿ ಕೆಲವೇ ತಿಂಗಳಲ್ಲಿ ವಿಶ್ವವಿದ್ಯಾಲಯಕ್ಕೆ ಸಿನಾಪ್ಸಿಸ್, ಅಂದರೆ ಥೀಸಿಸ್‌ನ ಯೋಜನೆ, ಹೋಗಬೇಕು. ಆ ಹೊತ್ತಿಗೆ ನಮಗೆ ಪ್ಲಾಸ್ಟರ್ ನೆಟ್ಟಗೆ ಹಾಕಲು ಬರುತ್ತಿರಲಿಲ್ಲ, ಸಂಶೋಧನೆಗೆ ಪ್ರಶ್ನೆ ಎಲ್ಲಿಂದ ಹುಟ್ಟಬೇಕು? ಸೀನಿಯರ್‌ನ ಪೆನ್‌ಡ್ರೈವ್‌ನಿಂದ ಹಳೇ ಸಿನಾಪ್ಸಿಸ್ ಬರುತ್ತದೆ. ಅವರು ತೊಡೆಮೂಳೆಗೆ ಪ್ಲೇಟ್ ಹಾಕಿದ್ದರೆ ಇವರು ರಾಡ್ ಹಾಕುತ್ತಾರೆ. ‘ಫಂಕ್ಷನಲ್ ಔಟ್‌ಕಮ್ ಆಫ್’ (ಚಿಕಿತ್ಸೆಯ ನಂತರ ಅಂಗ ಎಷ್ಟು ಕೆಲಸ ಮಾಡುತ್ತದೆ) ಎಂದು ಶುರುವಾಗುವ ಆರ್ಥೋ ಥೀಸಿಸ್‌ಗಳನ್ನು ಜೋಡಿಸಿಟ್ಟರೆ ಲೈಬ್ರರಿಯ ಒಂದು ಗೋಡೆ ತುಂಬುತ್ತದೆ. ಎಷ್ಟು ರೋಗಿಗಳು ಬೇಕು (ಸ್ಯಾಂಪಲ್ ಸೈಜ್) ಅನ್ನುವುದಕ್ಕೆ 4ಪಿಕ್ಯೂ ಬೈ ಡಿ ಸ್ಕ್ವೇರ್ ಅಂತ ಸೂತ್ರವಿದೆ. ಅದರಲ್ಲಿ ‘ಡಿ’ ಅಂದರೆ ಎಷ್ಟು ತಪ್ಪು ಇದ್ದರೂ ನಡೆಯುತ್ತದೆ ಅನ್ನುವ ಮಿತಿ. ನಡೆಯುವುದು ಉಲ್ಟಾ. ಮೂವತ್ತು ಕೇಸ್ ಸಾಕು ಅಂತ ಮೊದಲು ತೀರ್ಮಾನ, ಆಮೇಲೆ ಉತ್ತರ ಮೂವತ್ತು ಬರುವ ತನಕ ‘ಡಿ’ಯನ್ನು ಹಿಗ್ಗಿಸುವುದು.

ಇನ್ನು ಸಮಯದ ಲೆಕ್ಕ. ಮೂವತ್ತಾರು ತಿಂಗಳಲ್ಲಿ ಕೊನೆಯ ಆರು ಹೋಯಿತು. ಸಿನಾಪ್ಸಿಸ್, ಎಥಿಕ್ಸ್ ಕಮಿಟಿ ಅಂತ ಮೊದಲಿನ ಆರು ಹೋಯಿತು. ಜಿಲ್ಲಾ ಆಸ್ಪತ್ರೆಯ ರೆಸಿಡೆನ್ಸಿಗೆ ಮೂರು, ಬರೆಯುವುದಕ್ಕೆ ಮೂರು. ಕೊನೆಯ ರೋಗಿಯ ಮೂಳೆ ಕೂಡಿತೇ ಅಂತ ನೋಡಲು ಆರು ತಿಂಗಳ ಫಾಲೋಅಪ್ ಬೇಕು. ಕೇಸ್ ಸೇರಿಸಲು ಉಳಿಯುವುದು ಒಂದು ವರ್ಷ, ಅದೂ ರಾತ್ರಿ ಡ್ಯೂಟಿ, ಓಟಿ, ಕ್ಯಾಷುಯಾಲಿಟಿಗಳ ಸಂದಿಯಲ್ಲಿ.

ಫಾಲೋಅಪ್‌ಗೆ ಬರಬೇಕಾದವರು ಪಾವಗಡದವರು, ಹಿಂದೂಪುರದವರು, ಹೊಸೂರಿನ ಆಚೆಯವರು. ಫೋನ್ ಮಾಡಿದರೆ ‘ಚೆನ್ನಾಗಿ ನಡೀತಿದೀನಿ ಡಾಕ್ಟ್ರೇ, ಈಗ ಕಳೆ ಕೀಳೋ ಕೆಲ್ಸ ಐತೆ, ಹಬ್ಬ ಆದ್ಮೇಲೆ ಬತ್ತೀನಿ’ ಅನ್ನುತ್ತಾರೆ. ಅವರದೇನೂ ತಪ್ಪಿಲ್ಲ. ಒಂದು ಎಕ್ಸ್‌ರೇಗೋಸ್ಕರ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಯಾಕೆ ಬರಬೇಕು? ಆದರೆ ಮಾಸ್ಟರ್ ಚಾರ್ಟ್‌ನಲ್ಲಿ ಆ ಮನೆ ಖಾಲಿ ಬಿಡುವಂತಿಲ್ಲ. ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಹನ್ನೆರಡಕ್ಕೆ ಅಲ್ಲಿ ‘110’ ಅಂತ ಬೀಳುತ್ತದೆ. ಮಂಡಿ ನೂರಾಹತ್ತು ಡಿಗ್ರಿ ಬಗ್ಗುತ್ತದೆ ಅಂತ ಅರ್ಥ. ಆ ಮಂಡಿಯನ್ನು ಯಾರೂ ನೋಡಿಲ್ಲ. ಇಂಥ ಅಂಕಿಗಳಿಗೆ ಪಿ ವ್ಯಾಲ್ಯೂ (ಫಲಿತಾಂಶ ಬರೀ ಆಕಸ್ಮಿಕವೇ ಎಂದು ತೂಗುವ ಲೆಕ್ಕ) ಹಾಕಿಕೊಡುವವರ ನಂಬರು ವಾಟ್ಸ್‌ಆ್ಯಪ್‌ನಲ್ಲಿ ಸಿಗುತ್ತದೆ. ಇಡೀ ಥೀಸಿಸ್ ಬರೆದುಕೊಡುವವರದ್ದೂ ಸಿಗುತ್ತದೆ, ರೇಟ್ ಬೇರೆ. ರೆಪ್‌ನ ಗ್ರಾಫನ್ನು ಪ್ರಶ್ನಿಸುವುದನ್ನು ಥೀಸಿಸ್ ಕಲಿಸುತ್ತದೆ ಅಂದರಲ್ಲ, ನಮ್ಮ ಬ್ಯಾಚಿಗೆ ಅದು ಕಲಿಸಿದ್ದು ಅಂಕಿ ಹೊಂದಿಸುವುದನ್ನು.

ರೋಗಿಯ ಒಪ್ಪಿಗೆಯ ವಿಷಯ ನನಗೆ ಇದಕ್ಕಿಂತ ದೊಡ್ಡದು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಓದಲು ಬಾರದವರಾದರೆ ಸಂಬಂಧವಿಲ್ಲದ ಸಾಕ್ಷಿ ಒಬ್ಬರಿರಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ. ವಾರ್ಡಿನಲ್ಲಿ ಆಗುವುದೇ ಬೇರೆ. ಕಾಲಿಗೆ ತೂಕ ಕಟ್ಟಿ ಮಲಗಿಸಿರುವ ಅಜ್ಜಿಯ ಮುಂದೆ ಆಪರೇಷನ್ ಒಪ್ಪಿಗೆ, ಅರಿವಳಿಕೆ ಒಪ್ಪಿಗೆ, ರಕ್ತದ ಒಪ್ಪಿಗೆ ಇಡುತ್ತಾರೆ. ಅದೇ ಸಾಲಿನಲ್ಲಿ ಥೀಸಿಸ್‌ನದ್ದೂ ಬರುತ್ತದೆ. ‘ಇನ್ನೂ ಎಷ್ಟಪ್ಪಾ?’ ಅನ್ನುತ್ತಾ ಹೆಬ್ಬೆಟ್ಟು ಒತ್ತುತ್ತಾಳೆ. ಸಾಕ್ಷಿ ಪಕ್ಕದ ಬೆಡ್ಡಿನವರ ಮೊಮ್ಮಗ. ಬೇಡ ಅಂದರೆ ಆಪರೇಷನ್ ತಡವಾದೀತು ಅಂತ ಆಕೆಗೆ ಅನ್ನಿಸಿದ್ದರೆ ಅದನ್ನು ಕೇಳಿದವರು ಯಾರು?

ನಿಮ್ಹಾನ್ಸ್‌ನ ಉದಾಹರಣೆ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಅದು ಆ ರೋಗದ ಬಗ್ಗೆ ನಿಜವಾಗಿ ಕುತೂಹಲ ಇದ್ದ ತಜ್ಞರ ಕೆಲಸ, ಪರೀಕ್ಷೆಗೆ ಕೂರಲೆಂದು ಮಾಡಿದ್ದಲ್ಲ. ಐಸಿಎಂಆರ್ 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನೆಗೆ ಸ್ಟೂಡೆಂಟ್‌ಶಿಪ್ ಕೊಡುತ್ತಾ ಬಂದಿದೆ. ಅದಕ್ಕೆ ಯಾರೂ ಬಲವಂತ ಮಾಡುವುದಿಲ್ಲ, ಬೇಕಾದವರು ಅರ್ಜಿ ಹಾಕುತ್ತಾರೆ. ಪಿಜಿಯಲ್ಲೂ ಹಾಗೇ ಇರಲಿ. ರೆಪ್‌ನ ಗ್ರಾಫ್ ಅಳೆಯುವುದನ್ನು ಕಲಿಸಲು ಸಂಶೋಧನಾ ಲೇಖನಗಳನ್ನು ಓದಿ ಚರ್ಚಿಸುವ ಜರ್ನಲ್ ಕ್ಲಬ್ ಇದೆ, ಅದನ್ನು ನೆಟ್ಟಗೆ ನಡೆಸಿದರೆ ಸಾಕು.

ಥೀಸಿಸ್ ಬೇಡ ಅನ್ನುವವರಿಗೆ ನನ್ನ ಹತ್ತಿರ ಬೇರೆ ಕೆಲಸ ಇದೆ. ತಮ್ಮ ಯೂನಿಟ್‌ನಲ್ಲಿ ಒಂದು ವರ್ಷ ಆದ ಆಪರೇಷನ್‌ಗಳಲ್ಲಿ ಎಷ್ಟು ಗಾಯ ಕೀವು ಹಿಡಿಯಿತು, ಎಷ್ಟು ಜನರನ್ನು ಮತ್ತೆ ಓಟಿಗೆ ಒಯ್ಯಬೇಕಾಯಿತು ಅಂತ ಕೇಸ್ ಶೀಟ್ ನೋಡಿ ಲೆಕ್ಕ ತೆಗೆಯಲಿ. ಇಡೀ ವಿಭಾಗದ ಮುಂದೆ, ಪ್ರೊಫೆಸರ್‌ಗಳ ಎದುರಿಗೇ ಓದಲಿ. ಹೊಸ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದೂ ಬೇಡ, ಹಾರ್ಡ್ ಬೈಂಡಿಂಗೂ ಬೇಡ. ಪಿಜಿಗಳು ಇದಕ್ಕೆ ಒಪ್ಪುತ್ತಾರೆ. ವಿಭಾಗದ ಮುಖ್ಯಸ್ಥರು (ಎಚ್‌ಒಡಿಗಳು) ಒಪ್ಪುತ್ತಾರಾ ಅನ್ನೋದು ಅನುಮಾನ.